ಕನ್ನಡದ ನಡುವೆ ಒಂದು ಪೌಂಡು

ನಮ್ಮ ಹಳೆಯ ಲ್ಯಾಪ್‌ಟಾಪಿಗೆ ಹದಿಮೂರು ವರ್ಷ. ಬ್ಯಾಟರಿ ಸತ್ತು ಎಷ್ಟೋ ಕಾಲವಾಯಿತು, ವೈರು ಚುಚ್ಚಿದರಷ್ಟೇ ಉಸಿರು. ಆನ್ ಮಾಡಿ, ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿಕೊಂಡು ಬರುವಷ್ಟರಲ್ಲಿ ಪರದೆಯ ಮೇಲೆ ಏನಾದರೂ ಮೂಡಿದ್ದರೆ ಅವತ್ತು ಅದರ ಆರೋಗ್ಯ ಚೆನ್ನಾಗಿದೆ ಎಂದರ್ಥ. "ಬ್ರೂಕ್‌ಫೀಲ್ಡ್‌ನಲ್ಲಿ ಇದ್ಕೊಂಡು ಈ ಡಬ್ಬಾ ಇಟ್ಕೊಂಡಿದ್ದೀಯಲ್ಲಪ್ಪಾ, ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ" ಎಂದು ಮಗಳು ಆಡಿಕೊಂಡು ಆಡಿಕೊಂಡು, ಕೊನೆಗೆ ತಾನೇ ಹೊಸದೊಂದನ್ನು ತಂದಿಟ್ಟಳು. ಒಳಗಿನ ಸಾಮಾನು ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು.

ಹೊಸದಕ್ಕೆ ಇರುವುದು ಎರಡೇ ತೂತು, ಎರಡೂ ಟೈಪ್-ಸಿ. ನನ್ನ ಹಾರ್ಡ್ ಡಿಸ್ಕಿನ ವೈರು ಹಳೇ ಕಾಲದ ಚಪ್ಪಟೆ ಮೂತಿಯದು. ಆ ಕಡೆ ಸಿದ್ಧ, ಈ ಕಡೆ ಸಿದ್ಧ, ನಡುವಿನ ಒಂದು ಗೇಣು ಇಲ್ಲ. ನಮ್ಮ ಏರಿಯಾದವರಿಗೆ ಇದೇನು ಹೊಸದಲ್ಲ. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ ಮೆಟ್ರೊ ಓಡಿತು; ಬೈಯಪ್ಪನಹಳ್ಳಿಯಿಂದಾಚೆಗೆ ಮೊದಲೇ ಓಡುತ್ತಿತ್ತು; ನಡುವಿನ ತುಂಡು ಕೂಡಿಕೊಳ್ಳಲು ಅಕ್ಟೋಬರ್ ಬಂತು. ಅಷ್ಟು ದಿನ ಕುಂದಲಹಳ್ಳಿಯಲ್ಲಿ ಹತ್ತಿದ ನಾವು ಕೆ.ಆರ್. ಪುರದಲ್ಲಿ ಇಳಿದು ಫೀಡರ್ ಬಸ್ಸಿಗೆ ಕಾಯುತ್ತಿದ್ದೆವು. ಈ ಸಲದ ಫೀಡರ್ ಬಸ್ಸು ಮೊಬೈಲ್ ಅಂಗಡಿಯಲ್ಲಿ ಸಿಕ್ಕಿದ ಬೆರಳುದ್ದದ ಒಂದು ಕನೆಕ್ಟರ್.

ಹಾರ್ಡ್ ಡಿಸ್ಕಿನ ಬೆನ್ನ ಮೇಲೆ 500 ಜಿಬಿ ಎಂದು ಬರೆದಿದೆ. ಕಂಪ್ಯೂಟರ್ ಮಾತ್ರ 465 ಎನ್ನುತ್ತದೆ. ಮೋಸವಲ್ಲ. ಮಾರುವವನು ಸಾವಿರಕ್ಕೊಂದು ಮೆಟ್ಟಿಲು ಎಣಿಸುತ್ತಾನೆ, ವಿಂಡೋಸ್ 1,024ಕ್ಕೊಂದು ಎಣಿಸುತ್ತದೆ. ಸಂತೆಯ ಸೇರೇ ಬೇರೆ, ಮನೆಯ ಸೇರೇ ಬೇರೆ ಎಂದು ಬೈಯುತ್ತಿದ್ದ ನಮ್ಮಜ್ಜಿಗೆ ಇದು ಥಟ್ಟನೆ ಅರ್ಥವಾಗುತ್ತಿತ್ತು.

ಕಾಪಿ ಶುರುವಾಯಿತು. ಇನ್ನು ಎರಡು ಗಂಟೆ ಅಂದಿತು. ಸ್ನಾನ ಮಾಡಿ ಬಂದರೆ ಒಂದು ದಿನ ಅನ್ನುತ್ತಿದೆ. ಐದು ನಿಮಿಷ ಬಿಟ್ಟು ನಲವತ್ತೇ ನಿಮಿಷ. ಕುಂದಲಹಳ್ಳಿ ಗೇಟಿನಲ್ಲಿ ಸಿಕ್ಕಿಕೊಂಡ ಕ್ಯಾಬ್ ಡ್ರೈವರೂ ಇದಕ್ಕಿಂತ ನಂಬುವ ಹಾಗೆ ಹೇಳುತ್ತಾನೆ. ಕೂತು ನೋಡುತ್ತಿದ್ದರೆ ನನ್ನ ಬದುಕು ಸಾಲಾಗಿ ಹೋಗುತ್ತಿದೆ: ನ್ಯೂ ಫೋಲ್ಡರ್, ನ್ಯೂ ಫೋಲ್ಡರ್ ಎರಡು, ಫೈನಲ್, ಫೈನಲ್ ಫೈನಲ್. ತಲಕಾಡಿಗೆ ಹೋಗಿದ್ದು ಒಂದೇ ಸಲ, ಅದರ ಫೋಟೊಗಳು ನಾಲ್ಕು ಕಡೆ. ಅಳಿಸೋಣ ಎಂದರೆ ನಾಲ್ಕರಲ್ಲಿ ಯಾವುದನ್ನು ಎಂಬ ಚಿಂತೆ. ನಾಲ್ಕೂ ಹೋಗಲಿ ಎಂದು ಬಿಟ್ಟೆ.

ಸಂಜೆ ಹೊಸದರಲ್ಲಿ ರಾಜ್ಯೋತ್ಸವದ ಭಾಷಣ ತೆರೆದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪ್ರತಿ ನವೆಂಬರಿಗೆ ನಾನೇ ಭಾಷಣಕಾರ. ಇಸವಿಯೊಂದನ್ನು ಬದಲಿಸಿ ಅದನ್ನೇ ಓದುತ್ತೇನೆ. ಅರ್ಧ ಜನಕ್ಕೆ ಕನ್ನಡ ಬಾರದು, ಇನ್ನರ್ಧಕ್ಕೆ ಬಿಸಿಬೇಳೆಬಾತಿನ ಮೇಲೆ ಕಣ್ಣು. ಆಡಲು ಬಂದಿದ್ದ ಪಕ್ಕದ ಮನೆಯ ಹುಡುಗ ಇಣುಕಿ, "ಅಂಕಲ್, ಇದು ಫ್ರೆಂಚಾ?" ಎಂದ.

ಅವನ ತಪ್ಪಲ್ಲ. ಪರದೆಯ ತುಂಬ ತಲೆಯ ಮೇಲೆ ಗೆರೆ ಹೊತ್ತ ರೋಮನ್ ಅಕ್ಷರಗಳು. 'ಕನ್ನಡ' ಎಂದು ಇರಬೇಕಾದ ಕಡೆ ನೋಡಿದರೆ, ನಡುವಿನ 'ನ'ದ ಜಾಗದಲ್ಲಿ ಬ್ರಿಟಿಷರ ಪೌಂಡ್ ಗುರುತು, ಅದರ ಒತ್ತಿನ ಜಾಗದಲ್ಲಿ ಜರ್ಮನರ ಎಸ್‌ಸೆಟ್ ಅಕ್ಷರ. ಇಡೀ ಯೂರೋಪು ನಮ್ಮ ರಾಜ್ಯೋತ್ಸವಕ್ಕೆ ಬಂದು ಕೂತಿತ್ತು.

ತಪ್ಪು ನನ್ನದೇ. ಭಾಷಣವನ್ನು ತಂದೆ, 'ನುಡಿ' ಫಾಂಟನ್ನು ಅಲ್ಲೇ ಮರೆತೆ. ಆ ಕಾಲದ ಫಾಂಟಿನಲ್ಲಿ ಇದ್ದದ್ದು ಇನ್ನೂರ ಐವತ್ತಾರು ಮನೆ. ನಮ್ಮ ಅಕ್ಷರ, ಗುಣಿತ, ಒತ್ತುಗಳನ್ನು ಬಿಡಿಬಿಡಿಯಾಗಿ ಒಡೆದು ರೋಮನ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇಟ್ಟಿದ್ದರು. ಮೇಲೆ ಕನ್ನಡದ ವೇಷ, ಒಳಗೆ ಲೆಕ್ಕವೆಲ್ಲ ರೋಮನ್. ಯೂನಿಕೋಡಿನಲ್ಲಿ ಹಾಗಲ್ಲ. ಅಲ್ಲಿ ಕನ್ನಡಕ್ಕೆ 128 ಸೈಟುಗಳ ಸ್ವಂತ ಬಡಾವಣೆಯಿದೆ, ಕೆಲವು ಸೈಟು ಇನ್ನೂ ಖಾಲಿ. ಬಡಾವಣೆ 1991ರಲ್ಲೇ ಆಗಿತ್ತು; ಬಾಡಿಗೆ ಮನೆ ಬಿಡಲು ನಾವೇ ತಡಮಾಡಿದೆವು. ಬೆರಳುಗಳಿಗೆ ಮಾತ್ರ ಏನೂ ಆಗಲಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ನುಡಿಯಲ್ಲೂ ಇದ್ದದ್ದು. ಒತ್ತು ಬೇಕೆಂದರೆ ಎಫ್ ಒತ್ತುವ ಚಾಳಿ ಹೊಸ ಲ್ಯಾಪ್‌ಟಾಪಿನಲ್ಲೂ ನಡೆಯಿತು.

ಪರಿವರ್ತಕವೊಂದನ್ನು ಹಿಡಿದು ಭಾಷಣವನ್ನು ಯೂನಿಕೋಡಿಗೆ ತಂದದ್ದಾಯಿತು. ಅರ್ಕಾವತ್ತುಗಳು ಅಲ್ಲಲ್ಲಿ ಪಕ್ಕದ ಅಕ್ಷರದ ಹೆಗಲೇರಿದ್ದವು, ಒಂದೊಂದನ್ನೇ ಇಳಿಸಿದೆ. ಹಾಗೆ ಸಾಲು ಸಾಲು ಓದಿದಾಗಲೇ ಗೊತ್ತಾದದ್ದು, ಎರಡನೇ ಪುಟದಲ್ಲಿ 'ಏಕೀಕರಣ' ಎಂಬುದನ್ನು ನಾನು 'ಏಕಿಕರಣ' ಎಂದು ಬರೆದಿದ್ದೆ. ಹನ್ನೊಂದು ವರ್ಷ ಮೈಕಿನಲ್ಲಿ ಹಾಗೇ ಓದಿದ್ದೇನೆ, ಯಾರೂ ಕೇಳಿಲ್ಲ.

ಹಳೆಯದನ್ನು ಎಕ್ಸ್‌ಚೇಂಜಿಗೆ ಹಾಕೋಣ ಎಂದು ಮಗಳು ಹೊರಟಿದ್ದಳು; ತಡೆದು ಅಟ್ಟಕ್ಕೆ ಹಾಕಿದ್ದೇನೆ. ನಿಮ್ಮಲ್ಲೂ ನುಡಿಯಲ್ಲೋ 'ಬರಹ' ತಂತ್ರಾಂಶದಲ್ಲೋ ಟೈಪ್ ಮಾಡಿದ ಹಳೆಯ ಕಾಗದ, ಲೆಕ್ಕ, ಲಗ್ನಪತ್ರಿಕೆ ಏನಾದರೂ ಇದ್ದರೆ ಹೊಸದರಲ್ಲಿ ಒಂದು ಸಲ ತೆರೆದು ನೋಡಿ. ಪೌಂಡ್ ಕಂಡರೆ ಹಳೆಯದನ್ನು ಈಗಲೇ ಕೊಡಬೇಡಿ.