ಭಾನುವಾರದ ಗೋಪಾಲ

ಮಕ್ಕಳಿಗೆ ಹಸು ತೋರಿಸಲೆಂದೇ ಕನಕಪುರ ರಸ್ತೆಯ ಟ್ರಾಫಿಕ್ ದಾಟಿ ತೋಟಕ್ಕೆ ಬರುವ ಬೆಂಗಳೂರಿನ ಅಪ್ಪನನ್ನು ನೀವೂ ನೋಡಿರುತ್ತೀರಿ. ಸೊಂಟದ ಚೀಲದಲ್ಲಿ ಸ್ಯಾನಿಟೈಸರ್ ಬಾಟಲಿ ನೇತಾಡುತ್ತಿರುತ್ತದೆ. ಸಗಣಿ ಕಂಡರೆ ಹಾವು ಕಂಡವನಂತೆ ಹಾರುತ್ತಾನೆ. ಕರು ಮಗನ ಅಂಗೈ ನೆಕ್ಕಿದ್ದೇ ತಡ, ಪಿಚಕ್ಕನೆ ಎರಡು ಹನಿ ಹಾಕಿ, ಅದೇ ಕೈಗೆ ಚಕ್ಕುಲಿ ಕೊಡುತ್ತಾನೆ, ಅದೂ ಕೊಟ್ಟಿಗೆಯ ಬಾಗಿಲಲ್ಲೇ! ಹಿಂದೆಯೇ ಆಗತಾನೆ ಕರೆದ ಹಸಿ ನೊರೆಹಾಲು: "ಪ್ಯೂರ್ ಕಣೋ ಪುಟ್ಟಾ, ಕುಡಿ." ಇವನ ಹೆದರಿಕೆಯೆಲ್ಲ ಮೂಗಿನದು, ರೋಗ ಬರುವುದು ಬಾಯಿಯಿಂದ.

ನಾತ ಬಡಿಯದ, ಕಣ್ಣಿಗೆ ಕಾಣದ ವೈರಿಯೇ ಇಲ್ಲಿ ದೊಡ್ಡವನು. ಇ. ಕೋಲಿ ಒ157 ಎಂಬ ಬ್ಯಾಕ್ಟೀರಿಯಾ ಗಟ್ಟಿಮುಟ್ಟಾದ ಹಸುವಿನ ಕರುಳಿನಲ್ಲಿ ಬಾಡಿಗೆ ಕೊಡದೆ ಹಾಯಾಗಿರುತ್ತದೆ. ಐದು ವರ್ಷದೊಳಗಿನ ಮಗುವಿಗೆ ಹತ್ತಿದರೆ ಮೂತ್ರಪಿಂಡಕ್ಕೇ ಕೈಹಾಕಬಹುದು. 2009ರಲ್ಲಿ ಇಂಗ್ಲೆಂಡಿನ ಸರ್ರೆಯ ಗಾಡ್‌ಸ್ಟೋನ್ ಫಾರ್ಮಿಗೆ ಸಂಬಂಧಿಸಿದಂತೆ 93 ಮಂದಿಗೆ ಇದು ತಗುಲಿತು, ಬಹುಪಾಲು ಮಕ್ಕಳೇ. ಎಳೆಗರುಗಳಿಂದ ಬರುವ ಕ್ರಿಪ್ಟೊಸ್ಪೊರಿಡಿಯಮ್ ಎಂಬ ಪರಾವಲಂಬಿ ಕ್ರಿಮಿಗಂತೂ ಸ್ಯಾನಿಟೈಸರ್ ಅಂದರೆ ಲೆಕ್ಕಕ್ಕೇ ಇಲ್ಲ. ಸಗಣಿ, ಜೊಲ್ಲು ಮೆತ್ತಿದ ಕೈಯ ಮೇಲೆ ಬೇರೆ ಕ್ರಿಮಿಗಳ ಎದುರೂ ಸ್ಯಾನಿಟೈಸರಿನ ಆಟ ಅಷ್ಟಕ್ಕಷ್ಟೇ. ಬೇಕಾದದ್ದು ಸೋಪು, ಹರಿಯುವ ನೀರು, ಇಪ್ಪತ್ತು ಸೆಕೆಂಡು ತಾಳ್ಮೆ. ಬೂಟು ಬಿಚ್ಚಿದ ಮೇಲೆ ಇನ್ನೊಮ್ಮೆ. ಇನ್ನು ಹಸಿ ಹಾಲಿನಲ್ಲಿ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಚೆನ್ನಾಗಿ ಕಾಯಿಸಿದರೆ ಅದರ ಕಥೆ ಮುಗಿಯಿತು.

"ನಮ್ಮಜ್ಜಿ ಹಟ್ಟಿಯಲ್ಲೇ ಬೆಳೆದವಳು, ಅವಳಿಗೇನಾಯ್ತು?" ಎಂಬುದು ಈ ಭಾನುವಾರದ ಗೋಪಾಲನ ಬ್ರಹ್ಮಾಸ್ತ್ರ. ಹಸುಕರುಗಳ ನಡುವೆ ಬೆಳೆದ ಮಕ್ಕಳಲ್ಲಿ ಆಸ್ತಮಾ ಕಡಿಮೆ ಎಂದು ಅಧ್ಯಯನಗಳು ಹೇಳಿರುವುದೂ ನಿಜವೇ. ಆದರೆ ಅದು ಹುಟ್ಟಿದಂದಿನಿಂದ ದಿನಾ ಬೆಳೆದ ಒಡನಾಟದ ಫಲ. ಭಾನುವಾರದ ಟಿಕೆಟ್ಟಿನ ಜೊತೆ ಉಚಿತವಾಗಿ ಬರುವುದಲ್ಲ. ಅಜ್ಜಿಯ ಅರ್ಧ ಕಥೆಯನ್ನೂ ಇವನು ನುಂಗಿಹಾಕಿದ್ದಾನೆ: ಹಟ್ಟಿಯಿಂದ ಬಂದವಳು ಕೈಕಾಲು ತೊಳೆಯದೆ ಒಳಗೆ ಕಾಲಿಡುತ್ತಿರಲಿಲ್ಲ, ಹಾಲು ಉಕ್ಕದೆ ಒಲೆಯಿಂದ ಇಳಿಸುತ್ತಿರಲಿಲ್ಲ. ಹಾಗಂತ ಮಕ್ಕಳನ್ನು ಕರುವಿನಿಂದ ದೂರ ಇಡಿ ಎಂದೇನೂ ಅಲ್ಲ. ಮುಟ್ಟಲಿ, ಹುಲ್ಲು ತಿನ್ನಿಸಲಿ, ಚಕ್ಕುಲಿ ಮಾತ್ರ ಕೈ ತೊಳೆದ ಮೇಲೆ. ತೋಟದವರಲ್ಲೂ ಒಂದು ಅರಿಕೆ: ಸೆಲ್ಫಿ ಪಾಯಿಂಟ್ ಆಮೇಲೆ ಕಟ್ಟಿಸಿ, ಮೊದಲು ಕೊಟ್ಟಿಗೆಯ ಪಕ್ಕ ಮಕ್ಕಳ ಕೈಗೆಟುಕುವ ಒಂದು ನಲ್ಲಿ ಹಾಕಿಸಿ, ಸೋಪು ಇಡಿ.