ಬೆಳಕು ಸೋರುತ್ತದೆ

ಮೇ ತಿಂಗಳು ಮುಗಿಯುತ್ತ ಬಂತೆಂದರೆ ಮುಂಬಯಿಯ ಉಪನಗರಗಳ ರಸ್ತೆಬದಿಯಲ್ಲಿ ಪ್ಲಾಸ್ಟಿಕ್ ಹಾಳೆಯ ಸುರುಳಿಗಳು ಎದ್ದು ನಿಲ್ಲುತ್ತವೆ. ನೀಲಿ, ಹಳದಿ, ಕಪ್ಪು, ಮೀಟರಿಗಿಷ್ಟು, ಕಿಲೋಗಿಷ್ಟು. ಚಾಳಿನವರಿಗೆ ಹಂಚಿನ ಮೇಲೆ ಹೊದಿಸಲು ಬೇಕು, ವಡಾಪಾವ್ ಗಾಡಿಯವನಿಗೆ ಒಲೆ ಕಾಪಾಡಲು ಬೇಕು, ಫ್ಲಾಟಿನವರಿಗೆ ಕಿಟಕಿಯ ನೆತ್ತಿಗೆ ಕಟ್ಟಲು ಬೇಕು. 2005ರ ಜುಲೈ 26ರಂದು ಒಂದೇ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ಮೇಲಂತೂ ಈ ಊರಿನವರು ಪ್ಲಾಸ್ಟಿಕ್ಕಿನ ವಿಷಯದಲ್ಲಿ ಜಿಪುಣತನ ಮಾಡುವುದಿಲ್ಲ.

ಇಂಥದೊಂದು ಅಂಗಡಿಯ ಮುಂದೆ ನಮ್ಮ ಭಾವ ಕಪ್ಪು ಹಾಳೆಯ ತುದಿಯನ್ನು ಬಿಸಿಲಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ಪರೀಕ್ಷೆ ಮಾಡುತ್ತಿದ್ದರು.

"ಕಹಾ ಟಪಕ್ತಾ ಹೈ, ಅಂಕಲ್?" ಎಂದ ಅಂಗಡಿಯವನು.

"ಪಾನಿ ನಹೀ, ಲೈಟ್ ಟಪಕ್ತಾ ಹೈ" ಎಂದರು ಭಾವ.

ಅವನು ಮರುಮಾತಿಲ್ಲದೆ ತೂಕಕ್ಕೆ ಹಾಕಿದ. ಮುಂಬಯಿಯ ವ್ಯಾಪಾರಿ ಇದಕ್ಕಿಂತ ವಿಚಿತ್ರ ಗಿರಾಕಿಗಳನ್ನು ಕಂಡವನು.

ಭಾವ ಕಾರ್ಕಳದ ಕಡೆಯವರು. ಬ್ಯಾಂಕಿನಿಂದ ನಿವೃತ್ತರಾಗಿ ಮುಲುಂಡಿನಲ್ಲಿದ್ದಾರೆ. ಚೌತಿ ಬಂದರೆ ದಾದರಿನ ಹೂಬಜಾರಿನಲ್ಲಿ ಸೇವಂತಿಗೆಯ ರೇಟು ಕೇಳಿ ಅಕ್ಕ ಮುಖ ಸಿಂಡರಿಸುವುದು, ಕಡೆಗೆ ಕೊಳ್ಳುವುದು, ಮನೆಗೆ ಬಂದ ಮೇಲೆ ಭಾವನೂ ಮುಖ ಸಿಂಡರಿಸುವುದು ವರ್ಷವರ್ಷದ ಪದ್ಧತಿ. ಈ ಸಲ ಮನೆಯ ಸೇವಂತಿಗೆಯೇ ಗಣಪತಿಗೆ ಎಂದು ಭಾವ ಘೋಷಿಸಿದರು. ಗ್ರಿಲ್ಲು ಹಾಕಿಸಿದ ಬಾಲ್ಕನಿಯಲ್ಲಿ ಕುಂಡಗಳಿದ್ದವು. ಗಿಡಗಳೂ ಕೊಬ್ಬಿ ಬೆಳೆದಿದ್ದವು. ಬರೀ ಸೊಪ್ಪು! ಹೂವಿನ ಸುದ್ದಿ ಮಾತ್ರ ಇಲ್ಲ. ಬೇವಿನ ಹಿಂಡಿ, ಎಲುಬಿನ ಪುಡಿ (ಇದು ಅಕ್ಕನಿಗೆ ಗೊತ್ತಾಗದ ಹಾಗೆ), ಎಲ್ಲ ಆಯಿತು. ಕೊನೆಗೆ ಓದಿ ತಿಳಿದದ್ದು, ಗಿಡಕ್ಕೆ ಬೇಕಾದದ್ದು ಗೊಬ್ಬರವಲ್ಲ, ರಾತ್ರಿ ಎಂದು.

ಸೇವಂತಿಗೆ ಹೂ ಬಿಡುವುದು ರಾತ್ರಿಯ ಉದ್ದ ನೋಡಿಕೊಂಡು. ಎಡೆಬಿಡದ ಉದ್ದನೆಯ ಕತ್ತಲೆ ಸಿಕ್ಕರೆ ಮೊಗ್ಗು, ಇಲ್ಲದಿದ್ದರೆ ಸೊಪ್ಪು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ಹೊಲದ ತುಂಬ ಬಲ್ಬು ಉರಿಯುವುದನ್ನು ಕಂಡು, ಯಾರದೋ ಮದುವೆ ಜೋರಾಗಿದೆ ಅಂದುಕೊಂಡಿರಬಹುದು. ಅದು ಸೇವಂತಿಗೆ ಬೆಳೆಗಾರರ ಉಪಾಯ. ಗಿಡ ಇನ್ನಷ್ಟು ಎತ್ತರವಾಗಲಿ, ಈಗಲೇ ಮೊಗ್ಗಾಗದಿರಲಿ ಎಂದು ರಾತ್ರಿಯನ್ನು ದೀಪದಿಂದ ಕೆಡಿಸುತ್ತಾರೆ.

ಅವರು ದುಡ್ಡು ಕೊಟ್ಟು ಮಾಡುವ ಕೆಲಸವನ್ನು ಮುಂಬಯಿ ಬಿಟ್ಟಿಯಾಗಿ ಮಾಡುತ್ತದೆ. ಸೂರ್ಯನದೇನೂ ತಪ್ಪಿಲ್ಲ, ಜೂನ್ 21ರಂದು ಕೂಡ ಇಲ್ಲಿಯ ಹಗಲು 13 ಕಾಲು ಗಂಟೆಯ ಆಸುಪಾಸು. ಎಷ್ಟೋ ತಳಿಗಳು ಅಷ್ಟನ್ನು ಹೇಗೋ ಸಹಿಸಿಕೊಂಡಾವು. ಆದರೆ ಆಮೇಲೆ? ಬಾಲ್ಕನಿಯ ಎದುರಿಗೆ ಬೀದಿದೀಪ, ಅದರಾಚೆ ಔಷಧದಂಗಡಿಯ ಬೋರ್ಡು, ಮೇಲೆ ಕಟ್ಟುತ್ತಿರುವ ಗೋಪುರದ ಕ್ರೇನಿನ ದೀಪ. 2015ರಲ್ಲಿ ಮೆರೀನ್ ಡ್ರೈವಿನ ಹಳದಿ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದಾಗ 'ರಾಣಿಯ ಹಾರ' ಎಂದೇ ಹೆಸರಾದ ಆ ದೀಪಸಾಲಿನ ಕಳೆ ಹೋಯಿತೆಂದು ಊರೇ ಗಲಾಟೆ ಮಾಡಿತು. ಬೆಳಕು ಯಾವ ಬಣ್ಣದ್ದಿರಬೇಕೆಂದು ಜಗಳವಾಡುವ ಊರು ಇದು. ಸ್ವಲ್ಪ ಕತ್ತಲೆ ಕೊಡಿ ಎಂದು ಇಲ್ಲಿ ಅರ್ಜಿ ಹಾಕುವವರು ಅಪರೂಪ.

ಹಿಂದೊಮ್ಮೆ ಈ ಊರು ಕತ್ತಲೆಯನ್ನು ಕಡ್ಡಾಯ ಮಾಡಿತ್ತು. 1971ರ ಯುದ್ಧದ ಡಿಸೆಂಬರಿನಲ್ಲಿ ಕಿಟಕಿಯ ಗಾಜಿಗೆಲ್ಲ ಕಪ್ಪು ಕಾಗದ, ಕಂದು ಕಾಗದ ಅಂಟಿಸಿದ್ದರು. ಕಾರುಗಳ ಹೆಡ್‌ಲೈಟಿಗೆ ಅರ್ಧ ಕಪ್ಪು ಬಣ್ಣ. ಭಾವನ ದೊಡ್ಡಪ್ಪ ಆಗ ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಮೇಣದ ಬತ್ತಿ ಹಚ್ಚಿ ಚಿಲ್ಲರೆ ಎಣಿಸುತ್ತಿದ್ದರಂತೆ. ಆಗಿನ ಭಯ ಒಳಗಿನ ಬೆಳಕು ಹೊರಗೆ ಹೋದೀತೆಂದು. ಭಾವನದು ಹೊರಗಿನದು ಒಳಗೆ ಬಂದೀತೆಂದು.

ಕುಂಡಗಳ ಸುತ್ತ ಕತ್ತಲೆಕೋಣೆ ಕಟ್ಟುವುದು ಕೇಳಲು ಸುಲಭ. ಪಿವಿಸಿ ಪೈಪಿನ ಚೌಕಟ್ಟು, ಮೂಲೆಗೆ ಎಲ್ಬೋ, ಮೇಲೆ ಕಪ್ಪು ಹಾಳೆ ಎರಡು ಪದರ. ಒಂದೇ ಪದರ ಸಾಲದು. ಅಗ್ಗದ ಹಾಳೆಯಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಅವನ್ನು ಹುಡುಕಲು ಒಂದೇ ದಾರಿ: ನಡುಹಗಲು ಒಳಗೆ ಹೊಕ್ಕು, ಎಲ್ಲ ಮುಚ್ಚಿಸಿ, ಕಣ್ಣು ಕತ್ತಲೆಗೆ ಹೊಂದುವ ತನಕ ಹತ್ತು ನಿಮಿಷ ಸುಮ್ಮನೆ ಕೂರುವುದು. ಭಾವ ಒಳಗೆ ಸ್ಟೂಲಿನ ಮೇಲೆ, ನಾನು ಹೊರಗೆ ಟೇಪಿನ ತುಂಡು ಹಿಡಿದು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಉದ್ಗಾರ: "ಅಯ್ಯೋ, ಸಪ್ತರ್ಷಿ ಮಂಡಲವೇ ಉಂಟಲ್ಲ ಇಲ್ಲಿ!" ಆಮೇಲೆ ಆಜ್ಞೆಗಳು. "ಎಡಕ್ಕೆ… ಅಲ್ಲ ಮಾರಾಯ, ನನ್ನ ಎಡ!" ಹಾಳೆಯ ಆಚೆಗಿರುವವನ ಎಡ ಯಾವುದೆಂಬ ಚರ್ಚೆ ಅಕ್ಕ ಊಟಕ್ಕೆ ಕರೆಯುವವರೆಗೂ ನಡೆಯಿತು. ಪ್ಯಾಕಿಂಗಿನ ಕಂದು ಟೇಪು ಮುಂಬಯಿಯ ಮಳೆಗಾಲದ ತೇವಕ್ಕೆ ನಾಲ್ಕು ದಿನ ಬಾಳುವುದಿಲ್ಲ. ಹಾಳೆಯ ಅಂಚನ್ನು ಗೇಣುದ್ದ ಮಡಚಿ ಒಂದರ ಮೇಲೊಂದು ಹೊದಿಸಿ, ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕುವುದೇ ವಾಸಿ. ಕ್ಲಿಪ್ಪುಗಳೆಲ್ಲ ಅಕ್ಕನವು. ಬಟ್ಟೆ ಒಣಗಿಸುವ ಹಗ್ಗವೂ ಅಲ್ಲೇ ಇತ್ತು, ಅದೂ ಹೋಯಿತು.

"ಪ್ಲಾಸ್ಟಿಕ್ ಬಂದ್ ಅಲ್ಲವಾ?" ಎಂದು ಅಕ್ಕ ಕಾನೂನಿನ ದಾರಿ ಹಿಡಿದಳು. ಮಹಾರಾಷ್ಟ್ರ 2018ರಲ್ಲಿ ತಂದ ಪ್ಲಾಸ್ಟಿಕ್ ನಿಷೇಧ ಇಂಥ ಹಾಳೆಗೆ ಅನ್ವಯಿಸುವುದಿಲ್ಲ ಎಂದು ಭಾವ ಬ್ಯಾಂಕಿನವರ ಧ್ವನಿಯಲ್ಲಿ ಹೇಳಿದರು.

ದೊಡ್ಡ ತಲೆನೋವು ಗಾಳಿಯದು. ಪಶ್ಚಿಮದ ಬಾಲ್ಕನಿ, ಸಂಜೆ ಆರಕ್ಕೆ ಕಪ್ಪು ಹಾಳೆ ಇಳಿಸಿದರೆ ಒಳಗೆ ಬೆವರು ಕಿತ್ತು ಬರುವಷ್ಟು ಧಗೆ. ರಾತ್ರಿಯ ಸೆಕೆ ಹೆಚ್ಚಾದರೆ ಕತ್ತಲೆ ಎಷ್ಟಿದ್ದರೂ ಸೇವಂತಿಗೆಯ ಮೊಗ್ಗು ತಡವಾಗುತ್ತದೆ. ಹೊರಮೈಗೆ ರೈತರು ಪಾತಿಗೆ ಹಾಸುವ ಬೆಳ್ಳಿ ಬಣ್ಣದ ಮಲ್ಚಿಂಗ್ ಹಾಳೆ ಹೊದಿಸಿದ್ದಾಯಿತು. ಆದರೆ ಗಾಳಿಗೆ ತೂತು ಬಿಟ್ಟರೆ ಬೆಳಕೂ ಬರುತ್ತದಲ್ಲ? ಬೆಳಕು ನೇರ ಹೋಗುತ್ತದೆ, ಗಾಳಿ ತಿರುಗಿಯೂ ಹೋಗುತ್ತದೆ, ಇಷ್ಟೇ ಗುಟ್ಟು. ಅಗಲದ ಪೈಪಿಗೆ ಎರಡು ಎಲ್ಬೋ ಕೂರಿಸಿ, ಒಳಮೈಗೆ ಮಿಂಚದ ಕಪ್ಪು ಬಣ್ಣ ಬಳಿದು, ಕಂಪ್ಯೂಟರಿನ ಹಳೆಯ ಫ್ಯಾನು ಸಿಕ್ಕಿಸಿದರೆ ಗಾಳಿ ಬಳುಕಿ ಒಳಗೆ ಬರುತ್ತದೆ, ಬೀದಿದೀಪ ಮೊದಲ ತಿರುವಿನಲ್ಲೇ ನಿಲ್ಲುತ್ತದೆ. ಇಡೀ ಸಾಹಸದಲ್ಲಿ ನಾನು ಮನಸಾರೆ ಮೆಚ್ಚಿದ್ದು ಈ ಪೈಪನ್ನು.

ಭಾವನಿಗಿಂತ ಬಹಳ ಹಿಂದೆಯೇ ಇಂಥ ಗೂಡು ಕಟ್ಟಿದವರಿದ್ದಾರೆ. ಅಮೆರಿಕದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲಾರ್ಡ್ 1918ರಲ್ಲಿ ಗಾಳಿಯಾಡುವ ಪುಟ್ಟ ಕತ್ತಲೆಮನೆ ಮಾಡಿ, ಬೇಸಿಗೆಯಲ್ಲಿ ಹೂ ಬಿಡದ ಹೊಗೆಸೊಪ್ಪಿನ ಗಿಡಗಳನ್ನು ದಿನವೂ ಹೊತ್ತು ಒಳಗಿಟ್ಟು ಹೊರಗಿಟ್ಟು ಹೂ ಬಿಡಿಸಿದರು, 1920ರಲ್ಲಿ ಪ್ರಕಟಿಸಿದರು. 1938ರಲ್ಲಿ ಹ್ಯಾಮ್ನರ್, ಬಾನರ್ ಎಂಬಿಬ್ಬರು ನಮ್ಮ ಹೊಲದ ಬದುವಿನಲ್ಲೂ ಪಂಚೆಗೆ ಅಂಟಿಕೊಳ್ಳುವ ಮರುಳುಮತ್ತಿ ಗಿಡದ ಮೇಲೆ ನೋಡಿದರು: ಇರುಳ ನಡುವೆ ಒಂದು ನಿಮಿಷ ದೀಪ ಹಚ್ಚಿದರೆ ಸಾಕು, ಆ ರಾತ್ರಿ ಲೆಕ್ಕಕ್ಕಿಲ್ಲ.

ಸೊಸೈಟಿಯ ಕಾರ್ಯದರ್ಶಿ ಬಂದದ್ದು ನಿರೀಕ್ಷಿತವೇ. ಕಪ್ಪು ಹಾಳೆ, ಪೈಪು, ಫ್ಯಾನು, ಒಳಗೆ ಗಿಡ! 2023ರ ಜೂನಿನಲ್ಲಿ ಶಿವಮೊಗ್ಗದ ಬಾಡಿಗೆ ಮನೆಯೊಳಗೆ ದೀಪ ಹಚ್ಚಿ ಗಾಂಜಾ ಬೆಳೆದ ವೈದ್ಯಕೀಯ ವಿದ್ಯಾರ್ಥಿಗಳನ್ನು ಪೊಲೀಸರು ಹಿಡಿದ ಸುದ್ದಿ ಓದಿದ್ದ ನನಗೆ ಕಾರ್ಯದರ್ಶಿಯ ಮುಖ ನೋಡಿದ ಕೂಡಲೇ ಅರ್ಥವಾಯಿತು. ಭಾವ ಹಾಳೆ ಸರಿಸಿ ಎಲೆಯೊಂದನ್ನು ಜಜ್ಜಿ ಮೂಗಿಗೆ ಹಿಡಿದರು. "ಶೇವಂತೀ!" ಎಂದು ಕಾರ್ಯದರ್ಶಿ ನಕ್ಕು, ತಮ್ಮ ಹೆಂಡತಿಗೂ ಒಂದು ಕುಂಡ ಬೇಕೆಂದು ಹೇಳಿ, ಚಹಾ ಕುಡಿದು ಹೋದರು.

ಭಾವನ ದಿನಚರಿಯೇ ಬದಲಾಯಿತು. ಸಂಜೆ ಆರಕ್ಕೆ ಹಾಳೆ ಇಳಿಸಬೇಕು, ಬೆಳಿಗ್ಗೆ ಎಂಟಕ್ಕೆ ಎತ್ತಬೇಕು, ಭಾನುವಾರವೂ ರಜೆಯಿಲ್ಲ. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಸ್ವಾಗತ ಭಾಷಣ ಮುಗಿಯುವ ಮೊದಲೇ ಎದ್ದು ನಿಲ್ಲುತ್ತಿದ್ದರು. "ಏನು ಅವಸರ?" ಎಂದವರಿಗೆ "ಮನೆಗೆ ಹೋಗಿ ಕತ್ತಲೆ ಮಾಡಬೇಕು" ಎಂಬ ಉತ್ತರ. ಅಧ್ಯಕ್ಷರು ಅದನ್ನು ತಮ್ಮ ಭಾಷಣದ ವಿಮರ್ಶೆ ಎಂದೇ ತಿಳಿದರು.

ಚೌತಿಯ ಹೊತ್ತಿಗೆ ಹೂವಾಯಿತು. ಹಳದಿ, ದಾದರಿನದಕ್ಕಿಂತ ಸಣ್ಣದು, ಗಣಪತಿಗೆ ಒಂದು ಮಾಲೆಗೆ ಸಾಕು. ಹಾಳೆ, ಪೈಪು, ಫ್ಯಾನು ಸೇರಿಸಿ ಲೆಕ್ಕ ಹಾಕಿದರೆ ದಾದರಿನ ಹೂವೇ ಅಗ್ಗ. ಅಕ್ಕ ಲೆಕ್ಕ ಹಾಕಿದ್ದಾಳೆ. ಆದರೂ ಮಾಡಿ ನೋಡುತ್ತೇನೆ ಎನ್ನುವವರಿಗೆ ಒಂದೇ ಮಾತು: ಮೊಗ್ಗಿಗೆ ಬಣ್ಣ ಬರುವ ತನಕ ರಾತ್ರಿ ಎದ್ದು ಹಾಳೆ ಸರಿಸಿ ಇಣುಕಬೇಡಿ, ಮೊಬೈಲಿನ ಟಾರ್ಚು ಹಿಡಿದಂತೂ ಖಂಡಿತ ಬೇಡ.