ಜಪಾನಿನ ನೀಲಕಂಠ

ತಾಳಿಕೋಟೆಯವನು ಎಂದರೆ ಬೆಂಗಳೂರಿನಲ್ಲೂ ಹುಬ್ಬು ಮೇಲೇರುತ್ತವೆ. ‘ಓ, ಯುದ್ಧ ಆದ ಊರು!’ 1565ರ ಆ ಕಾಳಗ ನಡೆದದ್ದು ನಮ್ಮೂರಿಂದ ದೂರ, ಕೃಷ್ಣೆಯ ಕಡೆ. ರಕ್ಕಸಗಿ–ತಂಗಡಗಿ ಎಂಬ ಇನ್ನೊಂದು ಹೆಸರೂ ಅದಕ್ಕಿದೆ. ನಮ್ಮಲ್ಲಿ ಸುಲ್ತಾನರ ದಂಡು ಡೇರೆ ಹೊಡೆದಿತ್ತು, ಅಷ್ಟೇ. ಆದರೂ ತಾನಾಗಿ ಮನೆಗೆ ಬಂದ ಕೀರ್ತಿಯನ್ನು ಯಾಕೆ ಹೊರಗಟ್ಟಬೇಕೆಂದು ನಾನು ಸುಮ್ಮನಿರುತ್ತೇನೆ.

ಹೀಗಾಗಿ ಹುಟ್ಟಿದೂರಲ್ಲದ ಕಡೆ ಹೆಸರಾದವರನ್ನು ಕಂಡರೆ ನನಗೆ ಮಮತೆ. ಫುಟ್‌ಬಾಲ್ ಆಟಗಾರ ಇಜುಮಿ ಅರಾತಾ ಅಂಥವರು. ಹುಟ್ಟಿದ್ದು 1982ರಲ್ಲಿ, ಜಪಾನಿನ ಶಿಮೊನೊಸೆಕಿಯಲ್ಲಿ. ತಾಯಿ ಜಪಾನಿ, ತಂದೆಯ ಮೂಲ ಗುಜರಾತ್. ಜಪಾನಿನ ರಾಷ್ಟ್ರೀಯ ತಂಡದಿಂದ ಕರೆ ಬರಲಿಲ್ಲ. ಇಲ್ಲಿ ಮಾತ್ರ ಈಸ್ಟ್ ಬೆಂಗಾಲ್, ಮಹೀಂದ್ರ ಯುನೈಟೆಡ್, ಪುಣೆ ಎಫ್‌ಸಿ ಎಂದು ಕ್ಲಬ್ಬಿನ ಮೇಲೆ ಕ್ಲಬ್ಬು. ನಮ್ಮ ಕಾನೂನಿನಲ್ಲಿ ಎರಡು ಪೌರತ್ವಕ್ಕೆ ಜಾಗವಿಲ್ಲ; ಜಪಾನಿನ ಪಾಸ್‌ಪೋರ್ಟ್ ಬಿಟ್ಟುಕೊಟ್ಟು, 2013ರಲ್ಲಿ ಭಾರತದ ಅಂಗಿ ತೊಟ್ಟರು. ಆಟ ನಿಲ್ಲಿಸಿದ ಮೇಲೆ ರಿಲಯನ್ಸ್ ಫೌಂಡೇಶನ್ನಿನ ಹುಡುಗರಿಗೆ ಕೋಚ್ ಆದರು. ಅವರ ಭಾರತೀಯ ಹೆಸರು ನೀಲಕಂಠ ಖಂಭೋಲ್ಜಾ. ಶಿಮೊನೊಸೆಕಿ ಪ್ರಸಿದ್ಧವಾದದ್ದು ಫುಗು ಎಂಬ ವಿಷದ ಮೀನಿಗೆ. ಅಲ್ಲಿ ಹುಟ್ಟಿದವರಿಗೆ ನೀಲಕಂಠನಿಗಿಂತ ಒಪ್ಪುವ ಹೆಸರು ಇನ್ಯಾವುದು?

ಈ ಸಂಗತಿಯನ್ನು ಬಸ್ ಸ್ಟ್ಯಾಂಡಿನ ಚಾದಂಗಡಿಯಲ್ಲಿ ಉತ್ಸಾಹದಿಂದ ಬಿಚ್ಚಿದೆ.

“ಅರಾತಾ ಅಂತ, ದೊಡ್ಡ ಆಟಗಾರ.”

“ಯಾರಾತ?”

“ಅರಾತಾ. ನೀಲಕಂಠ.”

“ಹಂಗ ಹೇಳ್ರಿ ಮಾಸ್ತರ್ರ! ನಮ್ಮ ಓಣ್ಯಾಗ ಮೂರು ಮಂದಿ ನೀಲಕಂಠ ಅದಾರ. ಒಬ್ಬಾಂವನೂ ಚೆಂಡು ಒದ್ದಿಲ್ಲ.” ಮಾತು ಅಲ್ಲಿಂದ ಐಪಿಎಲ್ಲಿಗೆ ಹಾರಿತು. ಮಿರ್ಚಿ ಆರಿತು.

ಕೋಚುಗಳ ಕಷ್ಟ ನನಗೆ ಗೊತ್ತು. ನಾನೂ ಮೂರು ವಾರ ಕೋಚ್ ಆಗಿದ್ದವನು. ಡ್ರಿಲ್ ಮಾಸ್ತರರು ರಜೆ ಹಾಕಿದಾಗ, ಸಮಾಜ ವಿಜ್ಞಾನದವನಿಗೆ ಬಿಡುವು ಜಾಸ್ತಿ ಎಂಬ ಹಳೆಯ ನಂಬಿಕೆಯ ಮೇಲೆ ಫುಟ್‌ಬಾಲ್ ತಂಡವನ್ನು ನನ್ನ ಕೊರಳಿಗೆ ಕಟ್ಟಿದರು. ಆಫ್‌ಸೈಡ್ ಎಂದರೇನೆಂದು ಹುಡುಗರು ಕೇಳಿದಾಗ ‘ಅದು ಮುಂದಿನ ಪಾಠ’ ಎಂದಿದ್ದೆ. ಪಂದ್ಯದ ದಿನ ಎಣಿಸಿ ಎಣಿಸಿ ಒಳಗೆ ಕಳಿಸಿದೆ. ಆರು ಗೋಲಿನಿಂದ ಸೋತೆವು.

ಮೊನ್ನೆ ಮುದ್ದೇಬಿಹಾಳದ ಬಸ್ಸಿನಲ್ಲಿ ಕಂಡಕ್ಟರ್ ನನ್ನನ್ನೇ ದಿಟ್ಟಿಸಿದ.

“ಸರ್, ನೀವು ನಮ್ಮ ಫುಟ್‌ಬಾಲ್ ಸರ್ ಅಲ್ಲೇನ್ರಿ?”

ಇಡೀ ಬಸ್ಸು ತಿರುಗಿ ನೋಡಿತು. ನಾನು ಶಾಲು ಸರಿಮಾಡಿಕೊಂಡೆ. ಪಕ್ಕದಲ್ಲಿದ್ದ ಅಜ್ಜಿ ಗಂಟು ಎಳೆದುಕೊಂಡು ಜಾಗ ಮಾಡಿದಳು.

“ನೋಡ್ರೆಪಾ, ನಮಗ ಹನ್ನೆರಡು ಮಂದಿನ್ನ ಆಡಿಸಿದ ಸರ್ ಇವರ! ನಾನ ಆ ಹನ್ನೆರಡನೇದಾಂವ.”

ಅಜ್ಜಿ ಗಂಟನ್ನು ಮತ್ತೆ ಮೊದಲಿನ ಜಾಗಕ್ಕೆ ತಂದಿಟ್ಟಳು. ಕಂಡಕ್ಟರ್ ಕೈಮುಗಿದು, ಆ ಮುಗಿದ ಕೈಯನ್ನೇ ಬಿಡಿಸಿ ಮುಂದೆ ಚಾಚಿದ.

“ಚಿಲ್ಲರೆ ಇದ್ದರ ಕೊಡ್ರಿ ಸರ್.”